ವಾ ಪೆಡಲ್ ಎಸೆಯುವ ಮೊದಲು ಅದರ ತಳದ ನಾಲ್ಕು ಸ್ಕ್ರೂ ಬಿಚ್ಚಿ ನೋಡಿ

ಸಂಪಾದಕರಿಗೆ,

ಮಾನ್ಯರೆ,

ಎಲೆಕ್ಟ್ರಿಕ್ ಗಿಟಾರ್ ಕಲಿಯುತ್ತಿರುವ ಯುವಕರಿಗಾಗಿ ಕಳೆದ ವಾರ ನಿಮ್ಮ ಪುರವಣಿಯಲ್ಲಿ ಬಂದ ಬರಹವನ್ನು ಸಂತೋಷದಿಂದ ಓದಿದೆ. ಕನ್ನಡದಲ್ಲಿ ಈ ವಿಷಯವನ್ನು ಕೈಗೆತ್ತಿಕೊಳ್ಳುವವರೇ ಕಡಿಮೆ, ಆದ್ದರಿಂದ ಲೇಖಕರಿಗೆ ಮೊದಲು ಕೃತಜ್ಞತೆ ಹೇಳಬೇಕು. ಆದರೆ ಗಿಟಾರಿನ ಸದ್ದನ್ನು ಕಾಲಿನಿಂದ ತುಳಿದು ಬದಲಿಸುವ ವಾ ಪೆಡಲ್ ಬಗ್ಗೆ ಅಲ್ಲಿ ಬಂದ ಎರಡು ಮಾತುಗಳನ್ನು ನಾನು ಒಪ್ಪಲಾರೆ. ಸಾಧಾರಣ ಬೆಲೆಯ ಪೆಡಲ್ ಕೊಂಡರೆ ಹಣ ದಂಡ, ಕೊಳ್ಳುವುದಾದರೆ ಮೊದಲೇ ದುಬಾರಿಯದನ್ನು ಕೊಳ್ಳಬೇಕು ಎಂಬುದು ಒಂದು. ತುಳಿದಾಗ ಕರಕರ ಸದ್ದು ಬರತೊಡಗಿದರೆ ಪೆಡಲ್ಲಿನ ಆಯುಷ್ಯ ಮುಗಿಯಿತೆಂದು ತಿಳಿಯಬೇಕು ಎಂಬುದು ಇನ್ನೊಂದು. ಈ ಎರಡನ್ನೂ ನಂಬಿದ ಎಷ್ಟೋ ಹುಡುಗರು ಮನೆಯವರ ಹಣ ಖರ್ಚು ಮಾಡಿ, ಚೆನ್ನಾಗಿದ್ದ ಪೆಡಲ್ಲನ್ನು ಮೂಲೆಗೆ ಹಾಕಿರುವುದನ್ನು ನಾನು ಕಣ್ಣಾರೆ ಕಂಡಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ಕ್ಷಮಿಸಬೇಕು.

ನಾನು ಹಾಸನದಲ್ಲಿ ಮೂವತ್ತು ವರ್ಷಗಳಿಂದ ರೇಡಿಯೊ, ಟೀವಿ, ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡು ಬಂದವನು. ಗಣಪತಿ ಹಬ್ಬದಿಂದ ಹಿಡಿದು ಬೇಸಿಗೆಯ ಜಾತ್ರೆಗಳ ತನಕ ಸುತ್ತಮುತ್ತಲ ಊರುಗಳ ರಸಮಂಜರಿ ಕಾರ್ಯಕ್ರಮಗಳಲ್ಲಿ ಗಿಟಾರ್ ನುಡಿಸಿದವನೂ ಹೌದು. ಹಗಲು ಬೆಸುಗೆ ಕಡ್ಡಿ, ರಾತ್ರಿ ಗಿಟಾರ್ ಎಂಬ ಈ ಬದುಕಿನಲ್ಲಿ ವಾ ಪೆಡಲ್ ಎರಡೂ ಕಡೆಯಿಂದ ನನ್ನ ಕೈಗೆ ಬಂದಿದೆ.

ಈ ಪೆಡಲ್ ಏನು ಮಾಡುತ್ತದೆ ಎಂಬುದನ್ನು ಕನ್ನಡ ಬಲ್ಲವರಿಗೆ ತಿಳಿಸುವುದು ಬಹಳ ಸುಲಭ. ಒಂದೇ ಶ್ರುತಿಯಲ್ಲಿ ‘ಊ’ ಎಂದು ಎಳೆಯುತ್ತ, ಶ್ರುತಿಯನ್ನು ಕದಲಿಸದೆ, ಬಾಯನ್ನು ಮೆಲ್ಲಗೆ ‘ಆ’ಕ್ಕೆ ತೆರೆಯಿರಿ. ಗಂಟಲಿನ ತಂತು ಅದೇ ಸ್ವರದಲ್ಲಿ ಕಂಪಿಸುತ್ತಿದ್ದರೂ ಬಾಯಿಯ ಪೊಟರೆಯ ಆಕಾರ ಬದಲಾದಂತೆ ಬೇರೆ ಬೇರೆ ಕಂಪನಗಳು ಎದ್ದು ಕೇಳುತ್ತವೆ. ಹ್ರಸ್ವ ದೀರ್ಘದ ಭೇದವನ್ನು ಬಿಟ್ಟರೆ ನಮ್ಮ ವರ್ಣಮಾಲೆಯ ಸ್ವರಾಕ್ಷರಗಳ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಈ ಅನುರಣನದ ಜಾಗ ಬದಲಾಗುವುದರಲ್ಲಿಯೇ ಇದೆ. ವಾ ಪೆಡಲ್ ಇದೇ ಕೆಲಸವನ್ನು ಗಿಟಾರಿನ ಸದ್ದಿಗೆ ಮಾಡುತ್ತದೆ. ಹಿಮ್ಮಡಿ ಒತ್ತಿದಾಗ ಅನುರಣನದ ಶಿಖರ ಸುಮಾರು 450 ಹರ್ಟ್ಸ್ ಆಸುಪಾಸಿನಲ್ಲಿ ಇರುತ್ತದೆ. ಪಾದದ ಮುಂಭಾಗವನ್ನು ಒತ್ತುತ್ತ ಹೋದಂತೆ ಅದು ಮೇಲಕ್ಕೆ ಸರಿದು 2,000 ಹರ್ಟ್ಸ್ ದಾಟುತ್ತದೆ. ಕಿವಿಗೆ ಅದು ‘ವಾ’ ಎಂದು ಕೇಳುವುದಕ್ಕೆ ಕಾರಣ ಇಷ್ಟೇ.

ಇದು ಹುಟ್ಟಿದ ಬಗೆಯೂ ಇಲ್ಲಿ ಹೇಳತಕ್ಕದ್ದು, ಏಕೆಂದರೆ ದುಬಾರಿಯಾದದ್ದೇ ಒಳ್ಳೆಯದು ಎಂಬ ವಾದಕ್ಕೆ ಅದರಲ್ಲಿಯೇ ಉತ್ತರವಿದೆ. 1966ರಲ್ಲಿ ಕ್ಯಾಲಿಫೋರ್ನಿಯಾದ ಥಾಮಸ್ ಆರ್ಗನ್ ಕಂಪನಿ ವಾಕ್ಸ್ ಎಂಬ ಹೆಸರಿನ ಆಂಪ್ಲಿಫೈಯರುಗಳನ್ನು ವಾಲ್ವಿನಿಂದ ಟ್ರಾನ್ಸಿಸ್ಟರಿಗೆ ಬದಲಿಸುತ್ತಿತ್ತು. ಮಧ್ಯಮ ಕಂಪನಗಳನ್ನು ಎತ್ತಿ ಕೇಳಿಸಲು ಅದರಲ್ಲಿದ್ದ ಸ್ವಿಚ್ ದುಬಾರಿಯದಾಗಿದ್ದುದರಿಂದ, ಅದರ ಬದಲಿಗೆ ಅಗ್ಗದ ಒಂದು ಪಾಟ್ (ತಿರುಗಿಸಿದಂತೆ ಪ್ರತಿರೋಧ ಬದಲಾಗುವ ಪೊಟೆನ್ಶಿಯೋಮೀಟರ್) ಹಾಕುವ ಕೆಲಸ ಬ್ರಾಡ್ ಪ್ಲಂಕೆಟ್ ಎಂಬ ಎಂಜಿನಿಯರಿಗೆ ಬಂತು. ಪಾಟನ್ನು ತಿರುಗಿಸುತ್ತ ಹೋದಾಗ ಹೊರಟ ಸದ್ದು ಅಲ್ಲಿದ್ದವರ ಕಿವಿ ನಿಮಿರುವಂತೆ ಮಾಡಿತು. ವಾಕ್ಸ್ ಆರ್ಗನ್ನಿನ ವಾಲ್ಯೂಮ್ ಪೆಡಲ್ಲಿನ ಪೆಟ್ಟಿಗೆಯೊಳಗೆ ಆ ಸರ್ಕ್ಯೂಟನ್ನು ಸೇರಿಸಿ ಕಾಲಿನಿಂದ ತಿರುಗಿಸುವಂತೆ ಮಾಡಿದರು. ತುತ್ತೂರಿಯ ಬಾಯಿಗೆ ಮುಚ್ಚಳ ಹಿಡಿದು ತೆಗೆದು ನುಡಿಸುವವರ ಸದ್ದನ್ನು ಅದು ಹೋಲುತ್ತಿದ್ದುದರಿಂದ ತುತ್ತೂರಿ ವಾದಕ ಕ್ಲೈಡ್ ಮೆಕಾಯ್ ಅವರ ಹೆಸರಿನಲ್ಲಿ 1967ರಲ್ಲಿ ಅದು ಮಾರುಕಟ್ಟೆಗೆ ಬಂತು. ಅದೇ ವರ್ಷದ ಫೆಬ್ರವರಿಯಲ್ಲಿ ಪ್ಲಂಕೆಟ್ ಮತ್ತು ಲೆಸ್ಟರ್ ಕುಶ್ನರ್ ಹೆಸರಿನಲ್ಲಿ ಸಲ್ಲಿಕೆಯಾದ ಅರ್ಜಿಗೆ 1970ರಲ್ಲಿ ಪೇಟೆಂಟ್ ದೊರೆಯಿತು. ಕಂಪನಿಯವರು ಊದುವ ವಾದ್ಯಗಳಿಗೆಂದು ಯೋಚಿಸಿದ್ದ ಈ ಪೆಡಲ್ ಗಿಟಾರಿಗೇ ಹೇಳಿ ಮಾಡಿಸಿದಂತಿದೆ ಎಂದು ಮೊದಲೇ ಗುರುತಿಸಿದವರು ಗಿಟಾರ್ ವಾದಕ ಡೆಲ್ ಕ್ಯಾಶರ್. ಮುಂದೆ ಎರಿಕ್ ಕ್ಲಾಪ್ಟನ್, ಜಿಮಿ ಹೆಂಡ್ರಿಕ್ಸ್ ಅವರಿಂದ ಅದು ಲೋಕಪ್ರಸಿದ್ಧವಾಯಿತು. ಹೀಗೆ ಖರ್ಚು ಉಳಿಸಲು ಹೊರಟಾಗ ಕೈಗೆ ಸಿಕ್ಕಿದ ವಸ್ತು ಇದು. ಎರಡು ಟ್ರಾನ್ಸಿಸ್ಟರ್, ಇಂಡಕ್ಟರ್ ಎಂಬ ಒಂದು ತಂತಿಸುರುಳಿ, ಒಂದು ಪಾಟ್, ಬೆರಳೆಣಿಕೆಯ ರೆಸಿಸ್ಟರ್ ಮತ್ತು ಕೆಪ್ಯಾಸಿಟರುಗಳು: ಹಳೆಯ ವಾ ಪೆಡಲ್ಲಿನ ಒಳಗೆ ಇರುವುದು ಇಷ್ಟೇ. 1982ರಿಂದ ‘ಕ್ರೈ ಬೇಬಿ’ ಎಂಬ ಹೆಸರಿನಲ್ಲಿ ಡನ್‌ಲಪ್ ಕಂಪನಿ ಮಾಡುತ್ತಿರುವ ಸಾಮಾನ್ಯ ಮಾದರಿಯ ಮೂಲ ವಿನ್ಯಾಸವೂ ಇದೇ. ಅದಕ್ಕೆ ಮುಂದೆ ಒಂದು ಬಫರ್, ಎಂದರೆ ಗಿಟಾರಿನ ಮೇಲೆ ಹೊರೆ ಬೀಳದಂತೆ ತಡೆಯುವ ಪುಟ್ಟ ಸರ್ಕ್ಯೂಟ್, ಸೇರಿದೆ, ಅಷ್ಟೆ.

ಈಗ ಎರಡು ವರ್ಷದ ಹಿಂದೆ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ. ಗೌರಿ ಹಬ್ಬಕ್ಕೆ ಇನ್ನೂ ಒಂದು ವಾರವಿರುವಾಗ ಅರಸೀಕೆರೆ ಕಡೆಯ ಹುಡುಗನೊಬ್ಬ ಒಂದು ವಾ ಪೆಡಲ್ಲನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದ. ತುಳಿದರೆ ಹುರಿಗಡಲೆ ಸಿಡಿದಂತೆ ಸದ್ದು. ದೊಡ್ಡ ಊರಿನ ವಾದ್ಯಗಳ ಅಂಗಡಿಯೊಂದರಲ್ಲಿ ಪೆಡಲ್ಲನ್ನು ಬಿಚ್ಚಿಯೂ ನೋಡದೆ, ‘ಇದು ಮುಗಿಯಿತು, ಹೊಸದು ತೆಗೆದುಕೊಳ್ಳಿ’ ಎಂದು ಹೇಳಿ ಮೂರು ಪಟ್ಟು ಬೆಲೆಯ ಇನ್ನೊಂದನ್ನು ಮುಂದಿಟ್ಟಿದ್ದರಂತೆ. ಅವನ ಬಳಿ ಅಷ್ಟು ಹಣವಿರಲಿಲ್ಲ. ಹಬ್ಬದ ದಿನಗಳಲ್ಲಿ ಅವನ ತಂಡಕ್ಕೆ ನಾಲ್ಕು ಕಾರ್ಯಕ್ರಮಗಳು ಒಪ್ಪಿತವಾಗಿದ್ದವು.

ಪೆಡಲ್ಲನ್ನು ಮಗುಚಿ, ತಳದ ನಾಲ್ಕು ರಬ್ಬರ್ ಕಾಲುಗಳ ಸ್ಕ್ರೂಗಳನ್ನು ಬಿಚ್ಚಿದೆ. ತಗಡು ತೆಗೆದೊಡನೆ ಮೇಜಿನ ಮೇಲೆ ಪೆಂಡಾಲಿನ ಕೆಂಪು ಧೂಳು ಸುರಿಯಿತು. ತುಳಿಯುವ ಹಲಗೆಗೆ ಅಂಟಿಕೊಂಡ ಹಲ್ಲಿನ ಪಟ್ಟಿಯೊಂದು ಮೇಲೆ ಕೆಳಗೆ ಸರಿಯುತ್ತ ಪಾಟಿನ ಕಡ್ಡಿಗಿರುವ ಚಕ್ರವನ್ನು ತಿರುಗಿಸುತ್ತದೆ. ಆ ಹಲ್ಲುಗಳ ಸಂದಿಯಲ್ಲೆಲ್ಲ ಎಣ್ಣೆ ಬೆರೆತ ಮಣ್ಣು ಮೆತ್ತಿಕೊಂಡಿತ್ತು. ನನ್ನ ಹಳೆಯ ಮುಳ್ಳಿನ ಮಲ್ಟಿಮೀಟರನ್ನು ಪಾಟಿನ ನಡುವಿನ ಕಾಲಿಗೂ ಪಕ್ಕದ ಕಾಲಿಗೂ ಹಿಡಿದು ಹಲಗೆಯನ್ನು ನಿಧಾನವಾಗಿ ತುಳಿಯಲು ಹುಡುಗನಿಗೆ ಹೇಳಿದೆ. ಒಳ್ಳೆಯ ಪಾಟಿನಲ್ಲಿ ಮುಳ್ಳು ನೀರಿನ ಮೇಲಿನ ಎಲೆಯಂತೆ ಜಾರುತ್ತದೆ. ಇದರಲ್ಲಿ ಮೂರು ಕಡೆ ಅದು ಒಮ್ಮೆಲೇ ಎಗರಿ ಮತ್ತೆ ತನ್ನ ಜಾಗಕ್ಕೆ ಬಂತು. ‘ನೋಡು, ಎಸೆಯಿರಿ ಎಂದು ಅವರು ಹೇಳಿದ್ದು ಈ ಮೂರು ಚುಕ್ಕೆ ಕೊಳೆಗೆ’ ಎಂದೆ. ಪಾಟಿನ ಮೈಯಲ್ಲಿರುವ ಸಣ್ಣ ಕಿಂಡಿಗೆ ಕಾಂಟ್ಯಾಕ್ಟ್ ಕ್ಲೀನರ್ ಎರಡು ಬಾರಿ ಸಿಂಪಡಿಸಿ, ಹಲಗೆಯನ್ನು ಐವತ್ತು ಸಲ ಆಡಿಸಿ, ಹತ್ತು ನಿಮಿಷ ಒಣಗಲು ಬಿಟ್ಟು ಮತ್ತೆ ಮೀಟರ್ ಹಿಡಿದಾಗ ಮುಳ್ಳು ಎಲ್ಲಿಯೂ ಎಗರಲಿಲ್ಲ. ಆ ಪಾಟ್ ಹಬ್ಬ ದಾಟಿ ದೀಪಾವಳಿಯ ತನಕ ಬಂತು. ಆಮೇಲೆ ಅದೇ ಬಗೆಯ ಹೊಸ ಪಾಟ್ ತರಿಸಿ ಹಾಕಿದೆವು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಸೀಮೆಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ಕೊಬ್ಬರಿ ಎಣ್ಣೆ ಬಿಟ್ಟ ಪಾಟುಗಳು ನನ್ನ ಬಳಿ ಎಷ್ಟೋ ಬಂದಿವೆ. ಎರಡು ದಿನ ಸದ್ದು ನಿಲ್ಲುತ್ತದೆ, ಮೂರನೆಯ ದಿನ ಧೂಳು ಆ ಎಣ್ಣೆಗೆ ಅಂಟಿ ಮೊದಲಿಗಿಂತ ಕೆಟ್ಟದಾಗುತ್ತದೆ. ಇನ್ನು ಪಾಟ್ ಸ್ವಚ್ಛವಾಗಿದ್ದೂ ಕರಕರ ನಿಲ್ಲದಿದ್ದರೆ ಪಾಟಿಗೆ ಹೋಗುವ ದಾರಿಯ ಕೆಪ್ಯಾಸಿಟರ್ ಸೋರಿ ಡಿಸಿ ವೋಲ್ಟೇಜ್ ಪಾಟಿನ ತನಕ ಬರುತ್ತಿದೆಯೇ ಎಂದು ನೋಡಬೇಕು. ಅದೂ ಕೆಲವೇ ರೂಪಾಯಿಯ ಬಿಡಿಭಾಗ. ಮಂಗಳೂರು, ಕಾರವಾರದ ಕಡೆಯಿಂದ ಬರುವ ಪೆಡಲ್ಲುಗಳಲ್ಲಿ ಧೂಳಿಗಿಂತ ಉಪ್ಪುಗಾಳಿಯ ತೊಂದರೆ ಹೆಚ್ಚು. ಅಲ್ಲಿ ಪಾಟಿಗಿಂತ ಮೊದಲು ಜಾಕುಗಳ ಹಿಡಿತುಂಡು ಹಸಿರುಗಟ್ಟಿರುತ್ತದೆ, ಅದನ್ನು ಕೆರೆದು ಸ್ವಚ್ಛಗೊಳಿಸಿದರೆ ಅರ್ಧ ದೂರು ಅಲ್ಲಿಗೇ ಮುಗಿಯುತ್ತದೆ.

ಹೊಸ ಪಾಟ್ ಹಾಕುವಾಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಯಾವುದೇ ಒಂದು ಲಕ್ಷ ಓಮಿನ ಪಾಟ್ ಆದೀತೇ ಎಂದು ಹಲವರು ಕೇಳುತ್ತಾರೆ. ಸದ್ದೇನೋ ಬರುತ್ತದೆ. ಆದರೆ ವಾ ಪೆಡಲ್ಲಿನ ಪಾಟ್ ಸಾಮಾನ್ಯ ಪಾಟಿನಂತೆ ಸಮನಾಗಿ ಏರುವುದಿಲ್ಲ. ಹಲಗೆ ಚಲಿಸುವ ಅಲ್ಪ ಅಂತರದಲ್ಲಿ ‘ಊ’ದಿಂದ ‘ಆ’ದ ತನಕದ ದಾರಿ ಪಾದಕ್ಕೆ ಸಹಜವೆನ್ನಿಸುವಂತೆ ಅದರ ಏರಿಕೆಯನ್ನು ರೂಪಿಸಿರುತ್ತಾರೆ. ಸಾದಾ ಪಾಟ್ ಹಾಕಿದರೆ ಇಡೀ ‘ವಾ’ ಹಲಗೆಯ ಒಂದು ತುದಿಯ ಅರ್ಧ ಅಂಗುಲದಲ್ಲಿಯೇ ಮುಗಿದುಹೋದಂತೆ ಆಗುತ್ತದೆ. ಆದ್ದರಿಂದ ಪಾಟಿನ ವಿಷಯದಲ್ಲಿ ಮಾತ್ರ ಹಣ ಉಳಿಸಬೇಡಿ, ವಾ ಪೆಡಲ್ಲಿಗೆಂದೇ ಮಾಡಿದ್ದನ್ನು ತರಿಸಿ. ಹಾಕುವಾಗ ಹಲ್ಲಿನ ಪಟ್ಟಿಯನ್ನು ಎತ್ತಿ ಚಕ್ರವನ್ನು ಒಂದೆರಡು ಹಲ್ಲು ಆಚೀಚೆ ಕೂರಿಸಿದರೆ ‘ವಾ’ ಆರಂಭವಾಗುವ ಮತ್ತು ಮುಗಿಯುವ ಜಾಗವೇ ಬದಲಾಗುತ್ತದೆ. ಎಷ್ಟೋ ಸಲ ತನ್ನ ಪೆಡಲ್ ತೀರಾ ಕಿರುಚುತ್ತದೆ ಎಂದು ಬಂದವನಿಗೆ ಒಂದೇ ಒಂದು ಹಲ್ಲು ಹಿಂದಕ್ಕೆ ಸರಿಸಿ ಕಳಿಸಿದ್ದೇನೆ. ಅದಕ್ಕೆ ಬೆಸುಗೆಯೂ ಬೇಡ.

ಇನ್ನು ಆಯ್ಕೆಯ ವಿಚಾರ. ಯಾವ ಪೆಡಲ್ ಕೊಳ್ಳಲಿ ಎಂದು ಕೇಳುವವರನ್ನು ನಾನು ಮೊದಲು ಕೇಳುವುದು, ನಿನ್ನ ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಬೇರೆ ಏನೇನಿದೆ ಎಂದು. ವಾ ಒಂದೇ ಇದ್ದರೆ ಯಾವ ಒಳ್ಳೆಯ ಪೆಡಲ್ಲೂ ನಡೆಯುತ್ತದೆ. ಅದರ ಮುಂದೆ ಹಿಂದೆ ಬೇರೆ ಪೆಡಲ್ಲುಗಳಿದ್ದರೆ ಎರಡು ಮಾತು ತಿಳಿದಿರಬೇಕು.

ಹಳೆಯ ವಿನ್ಯಾಸದಲ್ಲಿ ಪೆಡಲ್ ಆಫ್ ಮಾಡಿದಾಗಲೂ ಅದರ ಸರ್ಕ್ಯೂಟಿನ ಒಳಬಾಗಿಲು (ಇನ್‌ಪುಟ್) ಗಿಟಾರಿಗೆ ಅಂಟಿಕೊಂಡೇ ಇರುತ್ತದೆ. ಓಮ್ ಕಡಿಮೆಯಾದಷ್ಟೂ ಹೊರೆ ಹೆಚ್ಚು: ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಗಿಟಾರಿನ ಪಿಕಪ್ಪಿಗೆ ಆಂಪ್ಲಿಫೈಯರಿನ ಹತ್ತು ಲಕ್ಷ ಓಮ್ ಹಗುರವಾದ ಹೊರೆ. ವಾ ಸರ್ಕ್ಯೂಟಿನ ಸುಮಾರು ಒಂದು ಲಕ್ಷ ಓಮ್ ಭಾರವಾದ ಹೊರೆ. ಹೀಗಾಗಿ ತುಳಿಯದೆ ಇರುವಾಗಲೂ ಗಿಟಾರಿನ ಮೇಲುಸ್ವರಗಳ ಹೊಳಪು ಮಂಕಾಗುತ್ತದೆ. ನಿಮ್ಮ ಲೇಖಕರು ‘ಟ್ರೂ ಬೈಪಾಸ್’ (ಆಫ್ ಮಾಡಿದಾಗ ಸರ್ಕ್ಯೂಟನ್ನು ಪೂರ್ತಿ ಹೊರಗಿಡುವ ಏರ್ಪಾಡು) ಇಲ್ಲದ ಪೆಡಲ್ಲನ್ನು ಮುಟ್ಟಲೇಬಾರದೆಂದು ಬರೆದದ್ದು ಈ ಕಾರಣಕ್ಕೆ ಇರಬೇಕು. ಆದರೆ ಆ ಮಾತು ಅರ್ಧ ಮಾತ್ರ ಸರಿ. ಒಂದು ಜೋಡಿ ಸಂಪರ್ಕದ ಸ್ವಿಚ್ಚನ್ನು ತೆಗೆದು ಎರಡು ಜೋಡಿಯದನ್ನು ಹಾಕಿದರೆ ಪೆಡಲ್ ಆರಿದಾಗ ಸರ್ಕ್ಯೂಟ್ ಪೂರ್ತಿ ಹೊರಗುಳಿಯುತ್ತದೆ. ಮೂರು ಜೋಡಿಯದನ್ನು ಹಾಕಿದರೆ ಪೆಡಲ್ ಆನ್ ಇದೆಯೇ ಇಲ್ಲವೇ ಎಂದು ತೋರಿಸುವ ಎಲ್‌ಇಡಿಯನ್ನೂ ಸೇರಿಸಬಹುದು. ಇದು ಒಂದು ಸಂಜೆಯ ಕೆಲಸ, ಇದಕ್ಕಾಗಿ ಹೊಸ ಪೆಡಲ್ ಕೊಳ್ಳಬೇಕಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ವೇದಿಕೆಯಿಂದ ಆಂಪ್ಲಿಫೈಯರಿನ ತನಕ ಹತ್ತು ಮೀಟರ್ ಕೇಬಲ್ ಎಳೆದು, ನಡುವೆ ಐದಾರು ಟ್ರೂ ಬೈಪಾಸ್ ಪೆಡಲ್ ಇಟ್ಟರೆ ಆ ಕೇಬಲ್ಲಿನ ಕೆಪ್ಯಾಸಿಟನ್ಸೇ ಹೊಳಪನ್ನು ನುಂಗುತ್ತದೆ. ಅಲ್ಲಿ ಸಾಲಿನ ಆರಂಭದಲ್ಲಿ ಒಂದು ಬಫರ್ ಇರುವುದೇ ಲೇಸು. ನಮ್ಮ ಪೆಂಡಾಲುಗಳಲ್ಲಿ ಕೇಬಲ್ ಉದ್ದವಾಗಿಯೇ ಇರುತ್ತದೆ ಎಂಬುದನ್ನು ಮರೆಯಬಾರದು.

ಎರಡನೆಯದು, ಗಿಟಾರಿನ ಸದ್ದನ್ನು ಒರಟಾಗಿಸುವ ಫಜ್ ಪೆಡಲ್ಲಿನ ಜೊತೆಗಿನ ಜಗಳ. ಹಳೆಯ ಮಾದರಿಯ ಫಜ್ ಪೆಡಲ್ಲಿನ ಒಳಬಾಗಿಲಿನ ಪ್ರತಿರೋಧ ಬಹಳ ಕಡಿಮೆ. ವಾ ಮೊದಲು, ಫಜ್ ಆಮೇಲೆ ಇಟ್ಟು ಎರಡನ್ನೂ ಆನ್ ಮಾಡಿದರೆ ವಾ ತನ್ನ ಓಟವನ್ನೇ ಕಳೆದುಕೊಳ್ಳುತ್ತದೆ, ಕೆಲವೊಮ್ಮೆ ಶಿಳ್ಳೆ ಹೊಡೆಯುತ್ತದೆ. ಪೆಡಲ್ ಕೆಟ್ಟಿದೆ ಎಂದು ಇದಕ್ಕಾಗಿ ಹಿಂತಿರುಗಿಸಿದವರನ್ನು ಕಂಡಿದ್ದೇನೆ. ಅದು ಕೆಟ್ಟಿರುವುದಿಲ್ಲ. ವಾ ಪೆಡಲ್ಲಿನ ಹೊರಬಾಗಿಲಿಗೆ ಒಂದೇ ಟ್ರಾನ್ಸಿಸ್ಟರಿನ ಪುಟ್ಟ ಬಫರ್ ಕೂರಿಸಿದರೆ ಅಥವಾ ಫಜ್ಜನ್ನು ಮೊದಲಿಗೆ ತಂದರೆ ಜಗಳ ತೀರುತ್ತದೆ. ಸಾಲಿನಲ್ಲಿ ಜಾಗ ಬದಲಾದರೆ ಸದ್ದಿನ ಸ್ವಭಾವವೂ ಬದಲಾಗುತ್ತದೆ ಎನ್ನುವುದು ನಿಜ: ಫಜ್ಜಿನಂತೆ ಸದ್ದನ್ನು ಒರಟಾಗಿಸುವ ಡಿಸ್ಟಾರ್ಶನ್ನಿನ ಮುಂಚೆ ವಾ ಇದ್ದರೆ ಗಿಟಾರ್ ಮಾತಾಡಿದಂತೆ ಕೇಳುತ್ತದೆ, ನಂತರ ಇದ್ದರೆ ಗಾಳಿಯೇ ಬೀಸಿದಂತೆ ಇಡೀ ಸದ್ದು ಮೇಲೆ ಕೆಳಗೆ ಹೋಗುತ್ತದೆ. ನನಗೆ ಮೊದಲನೆಯದೇ ಇಷ್ಟ, ವಿಶೇಷವಾಗಿ ಹಳೆಯ ಚಿತ್ರಗೀತೆಗಳ ನಡುವಿನ ತುಣುಕುಗಳನ್ನು ನುಡಿಸುವಾಗ.

ಪಾಟೇ ಬೇಡ ಎನ್ನುವವರು ಬೆಳಕಿನಿಂದ ಕೆಲಸ ಮಾಡುವ ಮೋರ್ಲಿ ಮಾದರಿಯ ಪೆಡಲ್ಲುಗಳನ್ನು ನೋಡಬಹುದು. ಅವುಗಳಲ್ಲಿ ಸವೆಯುವ ಪಟ್ಟಿಯೇ ಇಲ್ಲದ್ದರಿಂದ ಧೂಳಿನ ವೇದಿಕೆಗಳಲ್ಲಿ ಬಾಳಿಕೆ ಹೆಚ್ಚು. ಆದರೆ ಹಲವುಗಳ ಗಾತ್ರ ದೊಡ್ಡದು, ಪಾದಕ್ಕೆ ಸಿಗುವ ಅನುಭವವೂ ಬೇರೆ. ಕೊಳ್ಳುವ ಮೊದಲು ಚಪ್ಪಲಿ ಬಿಟ್ಟು, ನಿಂತುಕೊಂಡು, ನಿಮ್ಮದೇ ಗಿಟಾರಿನಲ್ಲಿ ಹತ್ತು ನಿಮಿಷ ತುಳಿದು ನೋಡಿ. ನಮ್ಮಲ್ಲಿ ಅನೇಕರು ಬರಿಗಾಲಿನಲ್ಲಿ ನುಡಿಸುತ್ತಾರೆ. ಬೂಟು ಹಾಕಿ ತುಳಿಯುವವರಿಗಾಗಿ ಬಿಗಿ ಮಾಡಿಟ್ಟ ಹಲಗೆ ಬರಿಗಾಲಿಗೆ ಗಟ್ಟಿಯೆನಿಸುತ್ತದೆ. ಆ ಬಿಗಿಯನ್ನು ಸಡಿಲಿಸಲು ಬಹುತೇಕ ಪೆಡಲ್ಲುಗಳಲ್ಲಿ ಅವಕಾಶವಿದೆ.

ಮಾರ್ಪಾಡಿನ ವಿಷಯಕ್ಕೆ ಬಂದರೆ, ಇಂಡಕ್ಟರನ್ನು ಬದಲಿಸಿ ಎಂಬ ಸಲಹೆಯನ್ನೇ ಎಲ್ಲರೂ ಮೊದಲು ಕೊಡುತ್ತಾರೆ. ನಿಮ್ಮ ಲೇಖನದಲ್ಲಿಯೂ ಹಾಗೆಯೇ ಇತ್ತು. ಅರವತ್ತರ ದಶಕದ ಇಟಲಿಯ ಪೆಡಲ್ಲುಗಳಲ್ಲಿದ್ದ ಹೇಲೋ, ಫಾಸೆಲ್ ಇಂಡಕ್ಟರುಗಳ ಹೆಸರನ್ನು ದೇವರ ಹೆಸರಿನಂತೆ ಹೇಳುವವರಿದ್ದಾರೆ. ಅವುಗಳ ನಡುವೆ ವ್ಯತ್ಯಾಸ ಇಲ್ಲವೆಂದು ನಾನು ಹೇಳುವುದಿಲ್ಲ, ನನ್ನ ಕಿವಿಗೂ ಕೇಳಿದೆ. ಆದರೆ ಎಲ್ಲವೂ ಸುಮಾರು 500 ಮಿಲಿಹೆನ್ರಿಯವೇ. ಹತ್ತು ರೂಪಾಯಿಗೂ ಕಡಿಮೆ ಬೆಲೆಯ ಒಂದು ರೆಸಿಸ್ಟರಿನಿಂದ ಆಗುವ ಬದಲಾವಣೆ ಅವುಗಳಿಂದ ಆಗುವುದಕ್ಕಿಂತ ದೊಡ್ಡದು. ಆದ್ದರಿಂದ ಕ್ರಮ ತಿರುಗುಮುರುಗಾಗಬೇಕು: ಮೊದಲು ಅಗ್ಗದ ಭಾಗಗಳನ್ನು ಪರೀಕ್ಷಿಸಿ, ಆಗಲೂ ತೃಪ್ತಿಯಾಗದಿದ್ದರೆ ಇಂಡಕ್ಟರ್ ಬಗ್ಗೆ ಯೋಚಿಸಿ.

ಆ ಹುಡುಗನ ಪೆಡಲ್ಲನ್ನೇ ಉದಾಹರಣೆಯಾಗಿ ಹೇಳುತ್ತೇನೆ. ಪಾಟ್ ಸರಿಯಾದ ಮೇಲೆ ಅವನು ಸಂಕೋಚದಿಂದ, ‘ಸದ್ದು ತುಂಬಾ ತೆಳ್ಳಗೆ, ಮುಂದಕ್ಕೆ ಒತ್ತಿದಾಗ ಕಿವಿಗೆ ಚುಚ್ಚುತ್ತದೆ’ ಎಂದ. ಬೋರ್ಡಿನ ಮೇಲೆ 103 ಎಂದು ಬರೆದ ಕೆಪ್ಯಾಸಿಟರುಗಳಲ್ಲಿ ಎರಡನೆಯ ಟ್ರಾನ್ಸಿಸ್ಟರಿನಿಂದ ಇಂಡಕ್ಟರಿನ ಕಡೆಗೆ ಹೋಗುವುದನ್ನು ಅವನಿಗೆ ತೋರಿಸಿದೆ. 103 ಎಂದರೆ 0.01 ಮೈಕ್ರೊಫ್ಯಾರಡ್. ಈ ಕೆಪ್ಯಾಸಿಟರ್ ಮತ್ತು ಆ 500 ಮಿಲಿಹೆನ್ರಿ ಇಂಡಕ್ಟರ್ ಸೇರಿ ನಿಲ್ಲುವ ಅನುರಣನದ ಲೆಕ್ಕ ಸುಮಾರು 2,250 ಹರ್ಟ್ಸ್. ಹಲಗೆಯನ್ನು ಪೂರ್ತಿ ಮುಂದಕ್ಕೆ ಒತ್ತಿದಾಗ ಶಿಖರ ಮುಟ್ಟುವ ಮೇಲ್ತುದಿ ಅದೇ. ಹಿಮ್ಮಡಿಯ ಕಡೆಗೆ ಪಾಟ್ ತಿರುಗಿದಂತೆ ಟ್ರಾನ್ಸಿಸ್ಟರುಗಳ ವರ್ಧನೆಯಿಂದಾಗಿ ಆ ಸಣ್ಣ ಕೆಪ್ಯಾಸಿಟರ್ ಹಲವು ಪಟ್ಟು ದೊಡ್ಡದಿದ್ದಂತೆ ಸರ್ಕ್ಯೂಟಿಗೆ ಭಾಸವಾಗುತ್ತದೆ, ಶಿಖರ ಕೆಳಕ್ಕೆ ಇಳಿಯುತ್ತದೆ. ಕೆಪ್ಯಾಸಿಟರನ್ನೇ ದೊಡ್ಡದು ಮಾಡಿದರೆ ಇಡೀ ಓಟವೇ ಕೆಳಕ್ಕೆ ಸರಿಯುತ್ತದೆ. 0.015 ಹಾಕಿದರೆ ಮೇಲ್ತುದಿ ಸುಮಾರು 1,840 ಹರ್ಟ್ಸ್‌ಗೆ, 0.022 ಹಾಕಿದರೆ ಸುಮಾರು 1,520 ಹರ್ಟ್ಸ್‌ಗೆ ಬರುತ್ತದೆ.

ಇದನ್ನು ಕೇಳಿ ನೋಡಲು ಏನನ್ನೂ ಕೀಳಬೇಕಾಗಿಲ್ಲ. ಕೆಪ್ಯಾಸಿಟರುಗಳನ್ನು ಸಮಾಂತರವಾಗಿ ಜೋಡಿಸಿದರೆ ಅವುಗಳ ಮೈಕ್ರೊಫ್ಯಾರಡ್ ಅಳತೆ ಕೂಡುತ್ತದೆ ಎಂಬುದು ಐ.ಟಿ.ಐ. ವಿದ್ಯಾರ್ಥಿಗಳಿಗೂ ಗೊತ್ತು. 472 ಎಂದು ಬರೆದ, ಅಂದರೆ 0.0047ರ ಒಂದು ಕೆಪ್ಯಾಸಿಟರಿಗೆ ಎರಡು ಮೊಸಳೆ ಕ್ಲಿಪ್ಪುಗಳನ್ನು ಕಚ್ಚಿಸಿ, ಬೋರ್ಡಿನಲ್ಲಿದ್ದ ಕೆಪ್ಯಾಸಿಟರಿನ ಎರಡು ಕಾಲುಗಳಿಗೆ ತಾಗಿಸಿದೆ. ಹುಡುಗ ಗಿಟಾರಿನ ಒಂದೇ ತಂತಿಯನ್ನು ಮೀಟುತ್ತ ಹಲಗೆ ತುಳಿಯುತ್ತಿದ್ದ. ಕ್ಲಿಪ್ ತಾಗಿದೊಡನೆ ‘ವಾ’ ಎದೆಯಿಂದ ಬಂದಂತೆ ಕೇಳಿತು, ತೆಗೆದೊಡನೆ ಮತ್ತೆ ಮೂಗಿನಿಂದ ಬಂದಂತೆ ಕೇಳಿತು. ಅವನು ಮೀಟುವುದನ್ನು ನಿಲ್ಲಿಸಿ, ‘ಇನ್ನೊಂದು ಸಲ’ ಎಂದ. ಹಾಗೆ ಹತ್ತು ಸಲವಾದರೂ ತಾಗಿಸಿ ತೆಗೆದು ಕೇಳಿದ ಮೇಲೆ ತನಗೆ ಯಾವುದು ಬೇಕು ಎಂಬುದನ್ನು ಅವನ ಕಿವಿಯೇ ತೀರ್ಮಾನಿಸಿತು. 0.022 ಅವನಿಗೆ ಮಂದವೆನಿಸಿತು, 0.015ರ ಆಸುಪಾಸು ಹಿಡಿಸಿತು.

ಇಂಡಕ್ಟರಿಗೆ ಸಮಾಂತರವಾಗಿ 33,000 ಓಮಿನ ಒಂದು ರೆಸಿಸ್ಟರ್ ಇರುತ್ತದೆ. ಕಿತ್ತಳೆ, ಕಿತ್ತಳೆ, ಕಿತ್ತಳೆ ಎಂಬ ಮೂರು ಪಟ್ಟಿಗಳಿಂದ ಅದನ್ನು ಗುರುತು ಹಿಡಿಯುವುದು ಸುಲಭ. ಶಿಖರ ಎಷ್ಟು ಚೂಪಾಗಿರಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. 47,000 ಅಥವಾ 68,000 ಹಾಕಿದರೆ ‘ವಾ’ ಇನ್ನಷ್ಟು ಸ್ಪಷ್ಟವಾಗಿ ಉಚ್ಚಾರವಾಗುತ್ತದೆ. ಅದಕ್ಕಿಂತ ಹೆಚ್ಚಿಸುತ್ತ ಹೋದರೆ ಶಿಖರ ಸೂಜಿಯಾಗುತ್ತದೆ, ಒಂದೊಂದು ಸ್ವರ ಮಾತ್ರ ಎದ್ದು ಬಡಿಯುತ್ತದೆ. ಕಂದು, ಹಸಿರು, ಕೆಂಪು ಪಟ್ಟಿಯ 1,500 ಓಮಿನದನ್ನು 2,200ಕ್ಕೆ ಬದಲಿಸಿದರೆ ನಡುಸ್ವರ ತುಸು ದಪ್ಪವಾಗುತ್ತದೆ. ಮೊದಲ ಟ್ರಾನ್ಸಿಸ್ಟರಿನ ಎಮಿಟರಿನಿಂದ ನೆಲಕ್ಕೆ ಇಳಿಯುವ 390 ಓಮಿನದನ್ನು ಕಡಿಮೆ ಮಾಡಿದರೆ ಸದ್ದಿನ ಮಟ್ಟವೂ ತಳದ ಸ್ವರವೂ ಏರುತ್ತವೆ. ವಾ ತುಳಿದೊಡನೆ ಉಳಿದವರ ನಡುವೆ ತಮ್ಮ ಗಿಟಾರ್ ಮುಳುಗಿಹೋಗುತ್ತದೆ ಎನ್ನುವವರಿಗೆ ಇದು ಉಪಯುಕ್ತ.

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಸದ್ದು ಹಾಳಾದಾಗ ಯಾವುದರಿಂದ ಎಂದು ತಿಳಿಯದೆ ನನ್ನ ಬಳಿ ತಂದವರಿದ್ದಾರೆ. ಕಿತ್ತ ಭಾಗಗಳನ್ನು ಒಂದು ಚಿಕ್ಕ ಪೊಟ್ಟಣದಲ್ಲಿ ಹಾಕಿ ಪೆಡಲ್ಲಿನ ಬ್ಯಾಟರಿ ಜಾಗದಲ್ಲಿಯೋ ಪೆಟ್ಟಿಗೆಯಲ್ಲಿಯೋ ಇಡಬೇಕು. ನಾಳೆ ಮಾರುವುದಾದರೆ ಮೂಲರೂಪಕ್ಕೆ ತರಲು ಬೇಕಾಗುತ್ತದೆ. ನಿಜವಾದ ಅರವತ್ತರ ದಶಕದ ಪೆಡಲ್ ಯಾರ ಮನೆಯಲ್ಲಾದರೂ ಇದ್ದರೆ ಅದಕ್ಕೆ ಬೆಸುಗೆ ಕಡ್ಡಿ ತಾಗಿಸಲೇಬಾರದು, ಪಾಟ್ ಸ್ವಚ್ಛಗೊಳಿಸಿ ಹಾಗೆಯೇ ಇಡಬೇಕು. ಸಾಸಿವೆಯಷ್ಟು ಸಣ್ಣ ಭಾಗಗಳನ್ನು ಬೋರ್ಡಿನ ಮೈಗೇ ಅಂಟಿಸಿದ ಈಚಿನ ಕೆಲವು ಪೆಡಲ್ಲುಗಳೂ ಹೊಸಬರ ಕೈಗೆ ತಕ್ಕವಲ್ಲ. ಆದ್ದರಿಂದಲೇ, ಮುಂದೆ ಬದಲಿಸುವ ಆಸೆಯಿರುವವರು ಕೊಳ್ಳುವಾಗಲೇ ಕಾಲುಳ್ಳ ದೊಡ್ಡ ಭಾಗಗಳಿರುವ ಬೋರ್ಡಿನ ಪೆಡಲ್ ಆರಿಸಬೇಕೆಂದು ನನ್ನ ಸಲಹೆ. ಬಳಸಿದ ಪೆಡಲ್ ಕೊಳ್ಳುವವರು ತಳ ಬಿಚ್ಚಿ ತೋರಿಸಲು ಕೇಳುವುದಕ್ಕೆ ಸಂಕೋಚಪಡಬಾರದು. ಬಿಚ್ಚಲು ಒಪ್ಪದವನಿಂದ ಕೊಳ್ಳಬೇಡಿ.

ವಿದ್ಯುತ್ತಿನ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ. ನಮ್ಮ ಕಡೆ ಹೆಚ್ಚು ಪೆಡಲ್ಲುಗಳು ಸಾಯುವುದೇ ಇದರಿಂದ. ಬಹುತೇಕ ವಾ ಪೆಡಲ್ಲುಗಳಿಗೆ 9 ವೋಲ್ಟಿನ, ನಡುವಿನ ಕಡ್ಡಿ ಮೈನಸ್ ಇರುವ ಅಡಾಪ್ಟರ್ ಬೇಕು. ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಅಡಾಪ್ಟರುಗಳಲ್ಲಿ ನಡು ಪ್ಲಸ್ ಆಗಿರುವುದು ಹೆಚ್ಚು, ಮತ್ತು 9 ಎಂದು ಬರೆದಿದ್ದರೂ ಹೊರೆಯಿಲ್ಲದಾಗ 12 ವೋಲ್ಟಿಗೂ ಮೇಲೆ ತೋರಿಸುವಂಥವನ್ನು ನಾನೇ ಅಳೆದಿದ್ದೇನೆ. ಚುಚ್ಚುವ ಮೊದಲು ಮೀಟರ್ ಹಿಡಿದು ನೋಡಿ. ವಾ ಪೆಡಲ್ ಕುಡಿಯುವ ವಿದ್ಯುತ್ ಅತ್ಯಲ್ಪ. ಒಂದು 9 ವೋಲ್ಟಿನ ಬ್ಯಾಟರಿ ತಿಂಗಳುಗಟ್ಟಲೆ ಬರುತ್ತದೆ. ಆದರೆ ಗಿಟಾರಿನ ಕೇಬಲ್ಲನ್ನು ಒಳಜಾಕಿಗೆ ಚುಚ್ಚಿದೊಡನೆ ಬ್ಯಾಟರಿ ಜೋಡಣೆಯಾಗುವುದರಿಂದ, ಕಾರ್ಯಕ್ರಮ ಮುಗಿದ ಮೇಲೆ ಕೇಬಲ್ ಕಿತ್ತಿಡಬೇಕು. ಹಾಗೆಯೇ ವಾ ಪೆಡಲ್ಲನ್ನು ಟ್ರಾನ್ಸ್‌ಫಾರ್ಮರ್ ಇರುವ ಪವರ್ ಸಪ್ಲೈ ಪಕ್ಕದಲ್ಲಿ ಇಡಬೇಡಿ. ಅದರೊಳಗಿನ ಇಂಡಕ್ಟರ್ ಸುರುಳಿಯೇ ಆದ್ದರಿಂದ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನು ಹಿಡಿದು ಗುಂಯ್‌ಗುಡುತ್ತದೆ. ಒಂದು ಅಡಿ ದೂರ ಸರಿಸಿದರೆ ನಿಲ್ಲುವ ಆ ಗುಂಯ್ ಸದ್ದಿಗಾಗಿ ಪೆಡಲ್ಲನ್ನೇ ಬದಲಿಸಿದವರನ್ನು ಬಲ್ಲೆ.

ನಮ್ಮ ಸಂಗೀತಕ್ಕೆ ಸಂಬಂಧಿಸಿದ ಒಂದು ಮಾತನ್ನೂ ಸೇರಿಸುತ್ತೇನೆ. ರಾಗದ ಛಾಯೆಯುಳ್ಳ ಹಾಡುಗಳನ್ನು ಗಿಟಾರಿನಲ್ಲಿ ನುಡಿಸುವ ಹುಡುಗರು ಗಮಕದ ಜೊತೆಜೊತೆಗೆ ಹಲಗೆಯನ್ನೂ ಆಡಿಸುತ್ತಾರೆ. ಗಮಕದಲ್ಲಿ ಸ್ವರವೇ ಚಲಿಸುತ್ತಿರುತ್ತದೆ. ಅದೇ ಹೊತ್ತಿಗೆ ಅನುರಣನವನ್ನೂ ಚಲಿಸಿದರೆ ಕಿವಿಗೆ ಎರಡೂ ಸ್ಪಷ್ಟವಾಗುವುದಿಲ್ಲ. ಹಲಗೆಯನ್ನು ನಡುವೆ ಒಂದು ಕಡೆ ನಿಲ್ಲಿಸಿ, ಗಮಕ ಮುಗಿದು ಸ್ವರ ನಿಂತ ಮೇಲೆ ತೆರೆದರೆ ಅದು ಹಾಡುಗಾರರು ಅಕಾರವನ್ನು ತೆರೆದಂತೆ ಇರುತ್ತದೆ. ಇದು ನನ್ನ ಅನುಭವದ ಮಾತು, ಬೇರೆಯವರಿಗೆ ಬೇರೆ ಅಭಿಪ್ರಾಯವಿದ್ದರೆ ನಿಮ್ಮ ಪತ್ರಿಕೆಯಲ್ಲಿ ಓದಲು ಇಷ್ಟಪಡುತ್ತೇನೆ.

ಆ ಲೇಖಕರಿಗೆ ಇದೇ ವಿಷಯದ ಮೇಲೆ ಇನ್ನೊಂದು ಬರಹ ಬರೆಯುವ ಅವಕಾಶ ಕೊಡಬೇಕೆಂದು, ಅದರಲ್ಲಿ ಕೊಳ್ಳುವುದಕ್ಕಿಂತ ರಿಪೇರಿಗೆ ಹೆಚ್ಚು ಜಾಗವಿರಲಿ ಎಂದು ವಿನಂತಿಸುತ್ತೇನೆ. ಚಿತ್ರಗಳಿಗಾಗಿ ಬೇಕಾದರೆ ತಳ ಬಿಚ್ಚಿದ ಎರಡು ಪೆಡಲ್ಲುಗಳನ್ನು ನಾನು ಕಳಿಸಿಕೊಡಬಲ್ಲೆ. ಒಂದರ ಪಾಟ್ ಸವೆದು ಹೋಗಿದೆ, ಇನ್ನೊಂದರದು ಹೊಸದು. ಪಕ್ಕಪಕ್ಕದಲ್ಲಿ ಇಟ್ಟು ಫೋಟೊ ತೆಗೆದರೆ ಕಪ್ಪು ಪಟ್ಟಿಯ ಮೇಲೆ ಗೀರು ಬಿದ್ದಿರುವ ಜಾಗ ಓದುಗರಿಗೆ ಬರಿಗಣ್ಣಿಗೇ ಕಾಣುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಗಿಟಾರ್ ವಾದಕ ಮತ್ತು ರಿಪೇರಿಗಾರ, ಹಾಸನ